ಎರಡೇ ಗಂಟೆಯಲ್ಲಿ 1ರಿಂದ 71ಕ್ಕೆ: ಜೆಸಿ ಪೆನ್ನಿ ಪ್ರಕರಣ

2011ರ ಫೆಬ್ರವರಿ 9, ಬುಧವಾರ. ನ್ಯೂಯಾರ್ಕ್‌ನಲ್ಲಿ ಸಂಜೆ 7 ಗಂಟೆ. ಆ ಹೊತ್ತಿಗೆ ಗೂಗಲ್‌ನಲ್ಲಿ 'ಸ್ಯಾಮ್ಸನೈಟ್ ಕ್ಯಾರಿ ಆನ್ ಲಗೇಜ್' ಅಂತ ಟೈಪ್ ಮಾಡಿದರೆ ಮೊದಲು ಬರುತ್ತಿದ್ದದ್ದು ಜೆಸಿ ಪೆನ್ನಿ ಅನ್ನೋ ಅಂಗಡಿಯ ಪುಟ. ಸೂಟ್‌ಕೇಸ್ ಮಾಡುವ ಸ್ಯಾಮ್ಸನೈಟ್ ಕಂಪನಿಯನ್ನೇ ಅದು ತಿಂಗಳುಗಟ್ಟಲೆ ಕೆಳಗೆ ತಳ್ಳಿತ್ತು. ರಾತ್ರಿ 9 ಗಂಟೆಗೆ ಮತ್ತೆ ಹುಡುಕಿದರೆ ಪೆನ್ನಿ 71ನೇ ಜಾಗದಲ್ಲಿ. ಪುಟಕ್ಕೆ ಹತ್ತರಂತೆ ಲೆಕ್ಕ ಹಾಕಿದರೆ ಅದು ಎಂಟನೇ ಪುಟ. ಅಲ್ಲಿವರೆಗೆ ಯಾರು ಹೋಗುತ್ತಾರೆ? 'ಲಿವಿಂಗ್ ರೂಮ್ ಫರ್ನಿಚರ್' ಅಂತ ಹುಡುಕಿದರೂ ಅದೇ ಕತೆ. 7 ಗಂಟೆಗೆ 1, 9 ಗಂಟೆಗೆ 68.

ಮಜಾ ಏನೆಂದರೆ ಈ ಬಿದ್ದದ್ದಕ್ಕೂ ಆ ಪುಟಗಳಲ್ಲಿ ಬರೆದಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅದೇ ಸೂಟ್‌ಕೇಸ್, ಅದೇ ಸೋಫಾ, ಅದೇ ಬೆಲೆ.

ಇಷ್ಟು ಹಳೆಯ ಕತೆಯನ್ನು ಈಗ ಯಾಕೆ ತೆಗೆದೆ ಅಂದರೆ, ಮೊನ್ನೆ ಒಬ್ಬ ಸೀರೆ ಅಂಗಡಿ ಯಜಮಾನರು ಫೋನ್ ಮಾಡಿದ್ದರು. ಸಣ್ಣ ಅಂಗಡಿ, ಮಗಳ ಒತ್ತಾಯಕ್ಕೆ ಹೊಸದಾಗಿ ವೆಬ್‌ಸೈಟ್ ಮಾಡಿಸಿದ್ದಾರೆ. "ಸರ್, ಗೂಗಲ್‌ನೋರು ನಮ್ಮನ್ನ ಬ್ಲಾಕ್ ಮಾಡಿಬಿಟ್ಟಿದಾರೆ, ಯಾರಿಗಾದ್ರೂ ದುಡ್ಡು ಕೊಡಬೇಕಾ?" ಅಂದರು. ಯಾರೋ ಅವರಿಗೆ ಸಾವಿರ ಲಿಂಕಿಗೆ ಇಷ್ಟು ಅಂತ ರೇಟೂ ಹೇಳಿದ್ದರಂತೆ. ನಾನು ವೆಬ್‌ಸೈಟ್ ಕೆಲಸ ಮಾಡಿಕೊಂಡಿರುವವನು, ಈ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಸಾಕಾಗಿದೆ. ಗೂಗಲ್ ನಮ್ಮ ಪುಟವನ್ನು ನೋಡಿಯೇ ಇಲ್ಲ ಅನ್ನೋದು ಒಂದು. ನೋಡಿದೆ, ಆದರೆ ತನ್ನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅನ್ನೋದು ಇನ್ನೊಂದು. ಲೆಕ್ಕದಲ್ಲಿದೆ, ಆದರೆ ಮೇಲೆ ಕೂರಿಸಿಲ್ಲ ಅನ್ನೋದು ಮತ್ತೊಂದು. ಈ ಮೂರನ್ನೂ ಜನ ಒಂದೇ ಚೀಲಕ್ಕೆ ತುಂಬುತ್ತಾರೆ. ಅವನ್ನು ಬಿಡಿಸಿ ತೋರಿಸೋಕೆ ನನಗೆ ಗೊತ್ತಿರುವ ಅತ್ಯುತ್ತಮ ಪ್ರಕರಣ ಪೆನ್ನಿಯದೇ.

ಯಾರು ಈ ಪೆನ್ನಿ

ಅಮೆರಿಕದಲ್ಲಿ ಇದು ಮನೆಮಾತು. 1902ರಲ್ಲಿ ವಯೋಮಿಂಗ್‌ನ ಕೆಮರರ್ ಅನ್ನೋ ಗಣಿ ಊರಲ್ಲಿ ಜೇಮ್ಸ್ ಕ್ಯಾಶ್ ಪೆನ್ನಿ ಅನ್ನುವವರು ಶುರು ಮಾಡಿದ ಅಂಗಡಿ. ಹೆಸರಲ್ಲೇ ಕ್ಯಾಶೂ ಇದೆ, ಪೆನ್ನಿಯೂ ಇದೆ, ವ್ಯಾಪಾರ ಬಿಟ್ಟು ಬೇರೇನು ಮಾಡಿಯಾರು! 2011ರ ಹೊತ್ತಿಗೆ ಟೆಕ್ಸಸ್‌ನ ಪ್ಲೇನೋದಲ್ಲಿ ಮುಖ್ಯ ಕಚೇರಿ, ದೇಶದ ತುಂಬ ಸಾವಿರಕ್ಕಿಂತ ಜಾಸ್ತಿ ಅಂಗಡಿ. ಬಟ್ಟೆ, ಹಾಸಿಗೆ, ಪರದೆ, ಕುರ್ಚಿ, ಎಲ್ಲ ಸಿಗುತ್ತದೆ. ಅಂದರೆ ಗೂಗಲ್‌ನಲ್ಲಿ ತಕ್ಕಮಟ್ಟಿಗೆ ಮೇಲೆ ಬರಲು ಯೋಗ್ಯತೆ ಇಲ್ಲದ ಅಂಗಡಿ ಏನಲ್ಲ. ಮೊದಲ ಪುಟದಲ್ಲಿ ಎಲ್ಲೋ ಒಂದು ಕಡೆ ಹೇಗೂ ಇರುತ್ತಿದ್ದರೋ ಏನೋ.

ಆದರೆ 2010ರ ಕೊನೆಯ ತಿಂಗಳುಗಳಲ್ಲಿ, ಅಂದರೆ ಅಲ್ಲಿ ಕ್ರಿಸ್ಮಸ್ ಖರೀದಿ ಜೋರಾಗಿರುವಾಗ, ಪೆನ್ನಿ 'ಎಲ್ಲೋ ಒಂದು ಕಡೆ' ಇರಲಿಲ್ಲ. 'ಡ್ರೆಸಸ್' ಅಂದರೆ ಪೆನ್ನಿ ಮೊದಲು. 'ಬೆಡ್ಡಿಂಗ್' ಅಂದರೆ ಪೆನ್ನಿ. ನೆಲಹಾಸು, ಸ್ಕಿನ್ನಿ ಜೀನ್ಸ್, ಮೇಜಿನ ಬಟ್ಟೆ, ಮನೆ ಅಲಂಕಾರ, ಯಾವ ಮಾತು ಹಾಕಿದರೂ ಒಂದನೇ ಜಾಗ ಅಥವಾ ಅದರ ಅಕ್ಕಪಕ್ಕ. ಇದು ಎಷ್ಟು ದುಡ್ಡಿನ ವಿಷಯ ಅಂತ ಅಂದಾಜಿಗೆ ಹೇಳುವುದಾದರೆ, ಆ ಕಾಲದ ಒಂದು ಅಧ್ಯಯನದ ಪ್ರಕಾರ ಹುಡುಕಿದವರಲ್ಲಿ ಸುಮಾರು 34 ಶೇಕಡಾ ಕ್ಲಿಕ್ಕು ಮೊದಲ ಫಲಿತಾಂಶಕ್ಕೇ ಹೋಗುತ್ತಿತ್ತು, ಎರಡನೆಯದಕ್ಕೆ ಅದರ ಅರ್ಧ. ಮೆಜೆಸ್ಟಿಕ್ ಬಸ್ ನಿಲ್ದಾಣದ ಬಾಗಿಲಲ್ಲೇ ಅಂಗಡಿ ಸಿಕ್ಕ ಹಾಗೆ, ಅದೂ ಬಾಡಿಗೆ ಇಲ್ಲದೆ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಡೇವಿಡ್ ಸೀಗಲ್ ಅವರಿಗೆ ಇದು ವಿಚಿತ್ರ ಅನ್ನಿಸಿತು. ಎಲ್ಲದರಲ್ಲೂ ಒಬ್ಬನೇ ಫಸ್ಟ್ ಬಂದರೆ ಮೇಷ್ಟ್ರಿಗೆ ಅನುಮಾನ ಬರಬೇಕು ತಾನೇ? ಪತ್ರಿಕೆ ಡಗ್ ಪಿಯರ್ಸ್ ಅನ್ನುವ ಸರ್ಚ್ ಪರಿಣತರೊಬ್ಬರ ಹತ್ತಿರ ಪರೀಕ್ಷೆ ಮಾಡಿಸಿತು. ಅವರು ಪೆನ್ನಿಯ ಪುಟಗಳನ್ನು ಓದುತ್ತಾ ಕೂರಲಿಲ್ಲ. ಆ ಪುಟಗಳಿಗೆ ಹೊರಗಿನಿಂದ ಯಾರು ಯಾರು ಲಿಂಕ್ ಕೊಟ್ಟಿದ್ದಾರೆ ಅಂತ ಹುಡುಕಿದರು.

ಸಿಕ್ಕಿದ್ದು 2,015 ಪುಟ. 'ಕ್ಯಾಶುಯಲ್ ಡ್ರೆಸಸ್', 'ಈವ್ನಿಂಗ್ ಡ್ರೆಸಸ್', 'ಲಿಟಲ್ ಬ್ಲ್ಯಾಕ್ ಡ್ರೆಸ್' ಅಂತೆಲ್ಲ ಬರೆದು, ಆ ಮಾತಿನ ಮೇಲೆ ಒತ್ತಿದರೆ ನೇರ ಪೆನ್ನಿಯ ಉಡುಪಿನ ಪುಟಕ್ಕೆ ಹೋಗುವ ಲಿಂಕುಗಳು. ಅವು ಇದ್ದದ್ದಾದರೂ ಎಲ್ಲಿ? ಕೆಲವು ಬಟ್ಟೆಗೆ ಸಂಬಂಧಪಟ್ಟ ಸೈಟು. ಉಳಿದವು ಕಾರು, ನಾಯಿ, ಗೊರಕೆ, ವಜ್ರದ ಡ್ರಿಲ್, ಬಚ್ಚಲಿನ ಟೈಲ್ಸ್, ಮೀನು ಹಿಡಿಯುವುದು, ಹಲ್ಲಿನ ಡಾಕ್ಟರು, ಅಲ್ಯೂಮಿನಿಯಂ ತಗಡು. ನ್ಯೂಕ್ಲಿಯರ್ ಎಂಜಿನಿಯರಿಂಗ್ ಅಂತ ಹೆಸರಿಟ್ಟುಕೊಂಡಿದ್ದ ಒಂದು ಸೈಟಿನಲ್ಲೂ ಉಡುಪಿನ ಲಿಂಕ್! ಗೊರಕೆಗೂ ಕರಿ ಫ್ರಾಕಿಗೂ ಏನು ನೆಂಟಸ್ತನ ಅಂತ ನನಗಂತೂ ಇವತ್ತಿಗೂ ಹೊಳೆದಿಲ್ಲ.

ನಾಲ್ಕು ಜನರನ್ನು ಕೇಳಿ ನೋಡುವ ಪದ್ಧತಿ

ಇಂಥ ಲಿಂಕುಗಳಿಂದ ಗೂಗಲ್ ಯಾಕೆ ಮೋಸ ಹೋಯಿತು ಅಂತ ತಿಳಿಯಬೇಕಾದರೆ 1998ಕ್ಕೆ ಹೋಗಬೇಕು. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಆಗ ತಮ್ಮ ಸರ್ಚ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಪ್ರಬಂಧ ಬರೆದರು. ಅದಕ್ಕೆ ಮುಂಚಿನ ಸರ್ಚ್ ಎಂಜಿನ್‌ಗಳು ಬಹುಪಾಲು ಪುಟದೊಳಗಿನ ಮಾತನ್ನೇ ನಂಬುತ್ತಿದ್ದವು. 'ಡ್ರೆಸ್' ಅಂತ ನೂರು ಸಲ ಬರೆದರೆ ಉಡುಪಿನ ಪುಟ ಅಂದುಕೊಳ್ಳುವುದು. ಜನ ಅದನ್ನು ಬೇಗ ಕಲಿತರು, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ನೂರು ಸಲ ಬರೆದರು.

ಪೇಜ್ ಮತ್ತು ಬ್ರಿನ್ ಹಿಡಿದ ದಾರಿ ನಮ್ಮಲ್ಲಿ ಗಂಡು ನೋಡುವ ದಾರಿಯೇ. ಹುಡುಗ ಹೇಗೆ ಅಂತ ಹುಡುಗನನ್ನೇ ಕೇಳುವುದಿಲ್ಲ. ಅವನ ಊರಿಗೆ ಹೋಗಿ, ಹೋಟೆಲಲ್ಲಿ ಕೂತು, ನಾಲ್ಕು ಜನರನ್ನು ಕೇಳುತ್ತೇವೆ. ಎಲ್ಲರ ಮಾತಿಗೂ ಒಂದೇ ತೂಕ ಇಲ್ಲ. ಊರಲ್ಲಿ ಮರ್ಯಾದಸ್ಥರು ಹೇಳಿದರೆ ಅದು ಹತ್ತು ಜನರ ಮಾತಿಗೆ ಸಮ. ಆ ಮರ್ಯಾದೆ ಅವರಿಗೆ ಎಲ್ಲಿಂದ ಬಂತು? ಬೇರೆ ಮರ್ಯಾದಸ್ಥರು ಅವರನ್ನು ಮೆಚ್ಚುವುದರಿಂದ. ಹೀಗೆ ಸುತ್ತಿ ಸುತ್ತಿ ಲೆಕ್ಕ ಹಾಕುವುದಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು.

ಅದೇ ಪ್ರಬಂಧದಲ್ಲಿ ಇನ್ನೊಂದು ವಿಷಯ ಇದೆ, ಪೆನ್ನಿ ಪ್ರಕರಣಕ್ಕೆ ಇದೇ ಜಾಸ್ತಿ ಮುಖ್ಯ. ಲಿಂಕ್ ಯಾವ ಮಾತಿನ ಮೇಲೆ ಕೂತಿದೆ ಅನ್ನೋದನ್ನೂ ಗೂಗಲ್ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಆ್ಯಂಕರ್ ಟೆಕ್ಸ್ಟ್ ಅನ್ನುತ್ತಾರೆ. 'ಲಿಟಲ್ ಬ್ಲ್ಯಾಕ್ ಡ್ರೆಸ್' ಅನ್ನೋ ಮಾತಿನ ಮೇಲೆ ಲಿಂಕ್ ಇದ್ದರೆ, ಲಿಂಕ್ ಹೋಗುವ ಪುಟ ಅದರ ಬಗ್ಗೆಯೇ ಇರಬೇಕು ಅಂತ ಊಹೆ. ಊಹೆ ಒಳ್ಳೆಯದೇ. ಒಂದು ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಅದನ್ನು ಏನಂತ ಕರೆಯುತ್ತಾರೆ ಅನ್ನೋದು ನಂಬಿಕೆಗೆ ಹತ್ತಿರ. (ನಮ್ಮ ಕನ್ನಡ ಸೈಟುಗಳ ಒಂದು ಚಟ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಲಿಂಕನ್ನೂ 'ಇಲ್ಲಿ ಕ್ಲಿಕ್ ಮಾಡಿ' ಅನ್ನೋದರ ಮೇಲೆ ಹಾಕುತ್ತೇವೆ. ಪಾಪ, ಅದರಿಂದ ಗೂಗಲ್‌ಗೆ ಏನು ತಿಳಿಯಬೇಕು? ಹಾಗೆ ನೋಡಿದರೆ ಕನ್ನಡದ ಎಷ್ಟೋ ಪುಟಗಳ ಹೆಸರು 'ಇಲ್ಲಿ' ಅಂತಲೇ ಇರಬೇಕು.)

ಈಗ ಆ 2,015 ಪುಟಗಳನ್ನು ನೆನಪಿಸಿಕೊಳ್ಳಿ. ಊರ ಹೋಟೆಲಲ್ಲಿ ಕೂತಿದ್ದವರಿಗೆಲ್ಲ ಯಾರೋ ಕಾಫಿ ಕೊಡಿಸಿ, 'ಹುಡುಗ ಬಂಗಾರ' ಅಂತ ಒಂದೇ ಮಾತು ಬಾಯಿಪಾಠ ಮಾಡಿಸಿದ್ದಾರೆ. ಅದರಲ್ಲಿ ಬಹಳ ಜನ ಆ ಊರಿನವರೇ ಅಲ್ಲ. ಹೀಗೆ ಲಿಂಕ್ ಬಾಡಿಗೆಗೆ ಕೊಡುವ ದೊಡ್ಡ ಸಂತೆಯೇ ಆಗ ನಡೆಯುತ್ತಿತ್ತು. ಸೈಟ್ ಇರುವವರು ತಮ್ಮ ಪುಟದ ಮೂಲೆಯಲ್ಲಿ ಜಾಗ ಬಿಟ್ಟುಕೊಡುವುದು, ಬೇಕಾದವರು ದುಡ್ಡು ಕೊಟ್ಟು ಅಲ್ಲಿ ತಮಗೆ ಬೇಕಾದ ಮಾತು ಹಾಕಿಸುವುದು. ಕಾನೂನಿನ ಪ್ರಕಾರ ಇದು ಅಪರಾಧವಲ್ಲ. ಗೂಗಲ್‌ನ ನಿಯಮಕ್ಕೆ ಮಾತ್ರ ವಿರುದ್ಧ.

ಪೆನ್ನಿಯವರನ್ನು ಕೇಳಿದರೆ ಈ ಲಿಂಕುಗಳನ್ನು ನಾವು ಹಾಕಿಸಿಲ್ಲ, ನಮಗೆ ಗೊತ್ತೇ ಇರಲಿಲ್ಲ ಅಂದರು. ತಮ್ಮ ಸರ್ಚ್ ಕೆಲಸ ನೋಡಿಕೊಳ್ಳುತ್ತಿದ್ದ ಸಲಹಾ ಸಂಸ್ಥೆಯನ್ನು ತೆಗೆದುಹಾಕಿದರು. ನಮ್ಮ ಸೈಟಿಗೆ ಬರುವವರಲ್ಲಿ ಹುಡುಕಾಟದ ಜಾಹೀರಾತಲ್ಲದ ಫಲಿತಾಂಶ ಒತ್ತಿ ಬರುವವರು ಬರೀ 7 ಶೇಕಡಾ ಅಂತಲೂ ಹೇಳಿದರು. ಇರಬಹುದು. ದುಡ್ಡು ಯಾರು ಕೊಟ್ಟರು ಅಂತ ಕೊನೆಗೂ ಸಾಬೀತಾಗಲಿಲ್ಲ.

ಪುಸ್ತಕ ಎಲ್ಲೂ ಹೋಗಿರಲಿಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. 71ನೇ ಜಾಗ ಅಂದರೆ ಪಟ್ಟಿಯಲ್ಲಿ ಇದೆ ಅಂತಲೇ ಅರ್ಥ. ಗೂಗಲ್ ಪೆನ್ನಿಯನ್ನು ತನ್ನ ಇಂಡೆಕ್ಸ್‌ನಿಂದ ಕಿತ್ತುಹಾಕಲಿಲ್ಲ.

ಇಂಡೆಕ್ಸ್ ಅಂದರೆ ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿ ಇದೆಯಲ್ಲ, ಅದೇ. ಗೂಗಲ್‌ಬಾಟ್ ಅನ್ನೋ ಪ್ರೋಗ್ರಾಮು ಲಿಂಕಿನಿಂದ ಲಿಂಕಿಗೆ ಹಾರುತ್ತಾ ಪುಟಗಳನ್ನು ತರುತ್ತದೆ. ತಂದ ಪುಟದಲ್ಲಿ ಯಾವ ಯಾವ ಪದ ಎಲ್ಲೆಲ್ಲಿ ಇದೆ ಅಂತ ಬಿಡಿಸಿ, 'ಸೀರೆ' ಅನ್ನೋ ಪದದ ಮುಂದೆ ಅದು ಬರುವ ಎಲ್ಲ ಪುಟಗಳ ಗುರುತು, 'ಇಳಕಲ್' ಅನ್ನೋ ಪದದ ಮುಂದೆ ಅದು ಬರುವ ಪುಟಗಳ ಗುರುತು, ಹೀಗೆ ಬರೆದಿಡುತ್ತಾರೆ. ನೀವು 'ಇಳಕಲ್ ಸೀರೆ' ಅಂದಾಗ ಗೂಗಲ್ ಆ ಕ್ಷಣದಲ್ಲಿ ಪ್ರಪಂಚ ಸುತ್ತಲು ಹೋಗುವುದಿಲ್ಲ. ಈ ಎರಡು ಪಟ್ಟಿ ತೆಗೆದು, ಎರಡರಲ್ಲೂ ಇರುವ ಪುಟಗಳನ್ನು ಆರಿಸುತ್ತದೆ. ಅವನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು ಅನ್ನೋದು ಅದಾದ ಮೇಲಿನ ಕೆಲಸ, ಅದೇ ರ‍್ಯಾಂಕಿಂಗ್.

ಎಲ್ಲ ಪುಟಕ್ಕೂ ಈ ಸೂಚಿಯಲ್ಲಿ ಜಾಗ ಸಿಗುವುದಿಲ್ಲ. 2008ರಲ್ಲೇ ಗೂಗಲ್ ತನಗೆ 1 ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳು ಕಂಡಿವೆ ಅಂತ ಹೇಳಿಕೊಂಡಿತ್ತು, ಎಲ್ಲವನ್ನೂ ಇಂಡೆಕ್ಸ್ ಮಾಡುವುದಿಲ್ಲ ಅಂತಲೂ ಅದರ ಜೊತೆಗೇ ಹೇಳಿತ್ತು. ಒಂದರಂತೆ ಇನ್ನೊಂದು ಇದ್ದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಹುರುಳಿಲ್ಲದ ಪುಟವನ್ನು ನೋಡಿಯೂ ಬಿಡುತ್ತದೆ. ಈಗ ಸೈಟಿನ ಯಜಮಾನರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಇದಕ್ಕೆ ಬೇರೆ ಬೇರೆ ಹಣೆಪಟ್ಟಿಯೇ ಇವೆ. ವಿಳಾಸ ಗೊತ್ತಿದೆ ಆದರೆ ಇನ್ನೂ ಹೋಗಿ ನೋಡಿಲ್ಲ ಅಂತ ಒಂದು, ಹೋಗಿ ನೋಡಿದ್ದೇವೆ ಆದರೆ ಸದ್ಯಕ್ಕೆ ಸೇರಿಸಿಲ್ಲ ಅಂತ ಇನ್ನೊಂದು. ಎರಡನೆಯದು ಬಂದರೆ ಸ್ವಲ್ಪ ನಾಚಿಕೆಪಟ್ಟುಕೊಳ್ಳಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇಂಡೆಕ್ಸ್ ಅಂದರೆ ಏನು ಅಂತ ಮೈಮೇಲೆ ಬಂದೇ ಗೊತ್ತಾಗಿದೆ. ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಯೂನಿಕೋಡ್ ಅಕ್ಷರ ಪದ್ಧತಿ ಬಳಕೆಗೆ ಬರುವ ಮೊದಲು ಎಷ್ಟೊಂದು ಸೈಟುಗಳು ಹಳೆಯ ಫಾಂಟುಗಳಲ್ಲೇ ಇದ್ದವು. 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವುದು ಇಂಗ್ಲಿಷಿನ ದೊಡ್ಡ 'ಪಿ', ತಲೆ ಮೇಲೆ ಗೀಟಿರುವ 'ಎ', ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಹೀಗೆ ಏನೇನೋ. ಪರದೆ ಮೇಲೆ ಮಾತ್ರ ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಗೂಗಲ್‌ಬಾಟ್‌ಗೆ ವೇಷ ಕಾಣುವುದಿಲ್ಲ. ಪುಟ ಬಂದು ನೋಡಿತು, ಸೂಚಿಗೂ ಸೇರಿಸಿತು, ಆದರೆ ಪೌಂಡ್ ಗುರುತಿನ ಹೆಸರಲ್ಲಿ. ನಾವು 'ಕನ್ನಡ' ಅಂತ ಹುಡುಕಿದರೆ ಸಿಗುವುದಾದರೂ ಹೇಗೆ? ವರ್ಷಗಟ್ಟಲೆ ಬರೆದ ಒಳ್ಳೆಯ ಬರಹಗಳು ಹೀಗೆ ಕಣ್ಣಿಗೆ ಬೀಳದೆ ಹೋದವು. ಯಾರೂ ಶಿಕ್ಷೆ ಕೊಟ್ಟಿರಲಿಲ್ಲ, ಯಾರೂ ಕೆಳಗೆ ತಳ್ಳಿರಲಿಲ್ಲ.

ಪೆನ್ನಿಯದು ಇದರ ತಿರುಗುಮುರುಗು. ಅಲ್ಲಿ ಗೂಗಲ್‌ಬಾಟ್ ಬರುತ್ತಿತ್ತು, ಸೂಚಿಯಲ್ಲಿ ಪುಟ ಇತ್ತು, ಪದಗಳೂ ಸರಿಯಾಗಿದ್ದವು. ಸಾಲಿನಲ್ಲಿ ನಿಲ್ಲಿಸುವಾಗ ಸಿಗುತ್ತಿದ್ದ ಶಿಫಾರಸಿನ ತೂಕ ಮಾತ್ರ ಹೋಯಿತು, ಮೇಲಿಂದ ದಂಡವೂ ಬಿತ್ತು. ದುಡ್ಡಿನ ದಂಡ ಅಲ್ಲ, ಬೇಕೆಂದೇ ಸಾಲಿನಲ್ಲಿ ಕೆಳಗೆ ತಳ್ಳುವುದು.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ್ದು ಬಿಎಂಡಬ್ಲ್ಯು ಕತೆ. 2006ರ ಫೆಬ್ರವರಿಯಲ್ಲಿ ಗೂಗಲ್ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ಸೈಟನ್ನು ಇಂಡೆಕ್ಸ್‌ನಿಂದಲೇ ತೆಗೆಯಿತು. ಅವರು ಮಾಡಿದ್ದು ಬೇರೆ ಥರ. ಗೂಗಲ್‌ಬಾಟ್‌ಗೆ ಒಂದು ಪುಟ, ಜನರಿಗೆ ಇನ್ನೊಂದು. ಬಾಟ್‌ಗೆ ಕಾಣುವ ಪುಟದ ತುಂಬ 'ಹಳೆ ಕಾರು' ಅನ್ನೋ ಅರ್ಥದ ಜರ್ಮನ್ ಪದ ತುಂಬಿರುವುದು, ಜನ ಅದನ್ನು ಒತ್ತಿದರೆ ಜಾವಾಸ್ಕ್ರಿಪ್ಟ್ ಅವರನ್ನು ತಕ್ಷಣ ಬೇರೆ ಪುಟಕ್ಕೆ ಸಾಗಿಸುವುದು. ಡೋರ್‌ವೇ ಪೇಜ್ ಅನ್ನುತ್ತಾರೆ ಇದಕ್ಕೆ. ಅಂದರೆ ಸುಳ್ಳು ಹೇಳಿದ್ದು ಪುಟವೇ, ಹಾಗಾಗಿ ಪುಟವನ್ನೇ ಎತ್ತಿ ಹೊರಗೆ ಹಾಕಿದರು. ಕಂಪನಿ ಆ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಸೇರಿಸಿದರು. ಪೆನ್ನಿಯ ಪುಟ ಸುಳ್ಳು ಹೇಳಿರಲಿಲ್ಲ. ಅದರ ಬಗ್ಗೆ ಬೇರೆಯವರು ಹೇಳಿದ್ದು ಸುಳ್ಳು.

ಹಿಡಿದದ್ದು ಯಾರು

ಗೂಗಲ್‌ನಲ್ಲಿ ಆಗ ವೆಬ್‌ಸ್ಪ್ಯಾಮ್ ತಂಡದ, ಅಂದರೆ ಕಳ್ಳದಾರಿಯಲ್ಲಿ ಮೇಲೆ ಬರುವ ಸೈಟುಗಳನ್ನು ಹಿಡಿಯುವ ತಂಡದ, ಮುಖ್ಯಸ್ಥರಾಗಿದ್ದವರು ಮ್ಯಾಟ್ ಕಟ್ಸ್. ಪತ್ರಿಕೆಯವರು ತೋರಿಸಿದ ಲಿಂಕುಗಳನ್ನು ನೋಡಿ ಇದು ನಮ್ಮ ನಿಯಮಕ್ಕೆ ವಿರುದ್ಧ ಅಂತ ಅವರು ಒಪ್ಪಿಕೊಂಡರು. ಆಮೇಲೆ ಹೊರಬಿದ್ದ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಪೆನ್ನಿಯ ಸೈಟ್ ಅದಕ್ಕೆ ಮುಂಚೆ ಮೂರು ಸಲ ಸಿಕ್ಕಿಬಿದ್ದಿತ್ತು, ಮೂರನೆಯದು 2010ರ ನವೆಂಬರ್‌ನಲ್ಲಿ, ಅಂದರೆ ಕೇವಲ ಮೂರು ತಿಂಗಳ ಹಿಂದೆ. ಪ್ರತಿ ಸಲವೂ ಗೂಗಲ್ ಅದನ್ನು ಸ್ವಲ್ಪ ಕೆಳಗಿಳಿಸಿತ್ತು, ಆದರೆ ಮತ್ತೆ ಹಿಂತಿರುಗಿ ನೋಡಲು ಹೋಗಿರಲಿಲ್ಲ.

ಹಾಗಾದರೆ ಗೂಗಲ್‌ನ ಆಲ್ಗರಿದಂ, ಅಂದರೆ ಸಾಲು ನಿರ್ಧರಿಸುವ ಯಂತ್ರದ ಲೆಕ್ಕ, ಏನು ಮಾಡುತ್ತಿತ್ತು? ತಾನಾಗಿಯೇ ಹಿಡಿಯುವ ಕೆಲಸ ಶುರುವಾಗಿತ್ತು, ಆದರೆ ನಿಧಾನ ಅಂತ ಕಟ್ಸ್ ಅವರ ವಾದ. ಇದನ್ನು ಅಳೆಯಲು ಒಂದು ಚಂದದ ಲೆಕ್ಕ ಸಿಗುತ್ತದೆ. 59 ಹುಡುಕು ಪದಗಳಲ್ಲಿ ಪೆನ್ನಿಯ ಸರಾಸರಿ ಸ್ಥಾನ ಫೆಬ್ರವರಿ 1ಕ್ಕೆ 1.3 ಇತ್ತು. ಆಲ್ಗರಿದಂ ಬದಲಾದ ಫೆಬ್ರವರಿ 8ಕ್ಕೆ ಅದು 4ಕ್ಕೆ ಇಳಿಯಿತು. 10ನೇ ತಾರೀಖಿಗೆ 52. ಮೊದಲನೆಯ ಇಳಿತ ಯಂತ್ರದ್ದು, ಎರಡನೆಯದು ಮನುಷ್ಯರದ್ದು. ಗೂಗಲ್ ಭಾಷೆಯಲ್ಲಿ ಇದು 'ಮ್ಯಾನುಯಲ್ ಆ್ಯಕ್ಷನ್', ಒಬ್ಬ ಉದ್ಯೋಗಿ ಕೂತು ನೋಡಿ ಹಾಕುವ ದಂಡ.

1.3ರಿಂದ 4ಕ್ಕೆ ಬಿದ್ದರೂ ಪೆನ್ನಿ ಮೊದಲ ಪುಟದಲ್ಲೇ ಇರುತ್ತಿತ್ತು. ಪತ್ರಿಕೆ ಕೇಳದಿದ್ದರೆ ಇನ್ನೆಷ್ಟು ದಿನ ಹಾಗೇ ನಡೆಯುತ್ತಿತ್ತೋ. 'ಯಂತ್ರ ಎಲ್ಲವನ್ನೂ ತೂಗಿ ನ್ಯಾಯವಾಗಿ ಸಾಲು ಮಾಡುತ್ತದೆ' ಅನ್ನೋರಿಗೆ ನಾನು ಈ ಮೂರು ಅಂಕಿ ತೋರಿಸುತ್ತೇನೆ. ಸುದ್ದಿ ಹೊರಬೀಳುವ ಮೂರು ದಿನ ಮುಂಚೆ ದಂಡ ಬಿತ್ತು. ವರದಿ ಫೆಬ್ರವರಿ 12ರಂದು ಬಂತು.

ಇನ್ನೊಂದು ಅನುಮಾನವೂ ಆಗ ಎದ್ದಿತ್ತು. ಪೆನ್ನಿ ಗೂಗಲ್‌ನ ದೊಡ್ಡ ಗಿರಾಕಿ. 2010ರ ಜೂನ್ ಒಂದೇ ತಿಂಗಳಲ್ಲಿ ಗೂಗಲ್ ಜಾಹೀರಾತಿಗೆ 24.6 ಲಕ್ಷ ಡಾಲರ್ ಖರ್ಚು ಮಾಡಿತ್ತು ಅಂತ ಹೊರಬಂದ ದಾಖಲೆಯೊಂದರಲ್ಲಿತ್ತು. ಅಷ್ಟು ಕೊಡುವವರ ತಪ್ಪಿಗೆ ಗೂಗಲ್ ಕಣ್ಣುಮುಚ್ಚಿತಾ? ಜಾಹೀರಾತಿಗೂ ಫಲಿತಾಂಶಕ್ಕೂ ಸಂಬಂಧವಿಲ್ಲ ಅಂತ ಕಟ್ಸ್ ಖಡಾಖಂಡಿತವಾಗಿ ಹೇಳಿದರು. ನನಗೆ ಅನ್ನಿಸುವುದು, ಇಲ್ಲಿ ಪಿತೂರಿಗಿಂತ ಸೋಮಾರಿತನವೇ ಜಾಸ್ತಿ. 'ಡ್ರೆಸಸ್' ಅಂತ ಹುಡುಕಿದವರಿಗೆ ಉಡುಪಿನ ದೊಡ್ಡ ಅಂಗಡಿ ಸಿಗುತ್ತಿತ್ತು, ಯಾರೂ ದೂರು ಕೊಡಲಿಲ್ಲ. ಫಲಿತಾಂಶ ಅಸಂಬದ್ಧವಾಗಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದರು. ಕಳ್ಳ ಮಾಲು ಚೆನ್ನಾಗಿದ್ದರೆ ಗಿರಾಕಿ ಬಿಲ್ ಕೇಳುವುದಿಲ್ಲ.

ಆಮೇಲೆ

ದಂಡ 90 ದಿನ ಇತ್ತು. 2011ರ ಮೇ ತಿಂಗಳಲ್ಲಿ ಪೆನ್ನಿ ಮತ್ತೆ ಮೇಲೆ ಕಾಣಿಸಿಕೊಂಡಿತು. ಆ ಫೆಬ್ರವರಿಯೇ ಹಾಗಿತ್ತು ನೋಡಿ. ಅದೇ ತಿಂಗಳು ಓವರ್‌ಸ್ಟಾಕ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಗೂ ದಂಡ ಬಿತ್ತು, ಕಾಲೇಜುಗಳ ಸೈಟಿನಿಂದ ಲಿಂಕ್ ಕೊಟ್ಟರೆ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ರಿಯಾಯಿತಿ ಅಂತ ಆಸೆ ತೋರಿಸಿದ್ದಕ್ಕೆ. ಕಾಲೇಜಿನ ಮಾತಿಗೆ ಊರ ಹಿರಿಯರ ತೂಕ ಇರುತ್ತದಲ್ಲ. ಫೆಬ್ರವರಿ 24ಕ್ಕೆ ಗೂಗಲ್ ಪಾಂಡಾ ಅನ್ನೋ ಬದಲಾವಣೆ ತಂದಿತು, ಅಮೆರಿಕದ 11.8 ಶೇಕಡಾ ಹುಡುಕಾಟಗಳ ಫಲಿತಾಂಶ ಅದರಿಂದ ಬದಲಾಯಿತು. ಅದು ಲಿಂಕಿನ ಗೋಜಿಗೆ ಬಂದದ್ದಲ್ಲ, ತೆಳು ಬರಹ ತುಂಬಿಟ್ಟ ಸೈಟುಗಳ ಮೇಲೆ ಬಂದದ್ದು. ಲಿಂಕಿನ ಮೇಲೆ ಬಂದದ್ದು ಪೆಂಗ್ವಿನ್, 2012ರ ಏಪ್ರಿಲ್ 24ರಂದು. ಪೆನ್ನಿಯ ಕಾಲದಲ್ಲಿ ಮನುಷ್ಯ ಕೂತು ಹಾಕಿದ ದಂಡವನ್ನು ಈಗ ಪ್ರೋಗ್ರಾಮೇ ಸಾಮೂಹಿಕವಾಗಿ ಹಾಕತೊಡಗಿತು. ಲಿಂಕ್ ಕೊಂಡವರಷ್ಟೇ ಅಲ್ಲ, ಮಾರಿದವರಿಗೂ ಹೊಡೆತ ಬಿತ್ತು. ಆ ವರ್ಷದ ಮಾರ್ಚ್‌ನಲ್ಲೇ ಲಿಂಕಿಗೆಂದೇ ಕಟ್ಟಿದ್ದ ಒಂದು ದೊಡ್ಡ ಸೈಟ್ ಜಾಲದ ಬಹುಪಾಲನ್ನು ಗೂಗಲ್ ಇಂಡೆಕ್ಸ್‌ನಿಂದ ಕಿತ್ತಿತ್ತು. ಗಮನಿಸಿ, ಅವರಿಗೆ ಸಿಕ್ಕಿದ್ದು ಬಿಎಂಡಬ್ಲ್ಯು ಥರದ ಶಿಕ್ಷೆ, ಪೆನ್ನಿ ಥರದ್ದಲ್ಲ. ಆ ಪುಟಗಳಿಗೆ ಲಿಂಕ್ ಹೊರುವುದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ.

ಆದರೆ ಪೆನ್ನಿ ಪ್ರಕರಣ ಬಿಟ್ಟುಹೋದ ಒಂದು ಮುಳ್ಳು ಇತ್ತು. ದುಡ್ಡು ಕೊಟ್ಟವರು ಯಾರು ಅಂತ ಗೊತ್ತಿಲ್ಲದೆಯೇ ದಂಡ ಹಾಕಬಹುದಾದರೆ, ನಾಳೆ ನನ್ನ ಎದುರಂಗಡಿಯವನು ನನ್ನ ಹೆಸರಲ್ಲಿ ಎರಡು ಸಾವಿರ ಕಳ್ಳ ಲಿಂಕ್ ಹಾಕಿಸಿದರೆ? ನಾನು ಮಲಗಿರುವಾಗ ನನ್ನ ಅಂಗಡಿ 71ಕ್ಕೆ ಹೋಗುತ್ತದಲ್ಲ! ಪೆಂಗ್ವಿನ್ ಬಂದ ಮೇಲೆ ಈ ಭಯ ನಿಜಕ್ಕೂ ಹರಡಿತು. 2012ರ ಅಕ್ಟೋಬರ್‌ನಲ್ಲಿ ಗೂಗಲ್ 'ಡಿಸ್‌ಅವೋ' ಅನ್ನೋ ಸಾಧನ ಕೊಟ್ಟಿತು. ಈ ಲಿಂಕುಗಳು ನನ್ನವಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಪಟ್ಟಿ ಬರೆದು ಕೊಡುವುದು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಮುಖ್ಯ ಆಲ್ಗರಿದಂನೊಳಗೇ ಸೇರಿತು. ಅಲ್ಲಿಂದ ಅದರ ನಡೆ ಬದಲಾಯಿತು. ಸೈಟನ್ನು ಕೆಳಗೆ ತಳ್ಳುವ ಬದಲು ಕಳ್ಳ ಲಿಂಕಿನ ತೂಕವನ್ನು ಸೊನ್ನೆ ಮಾಡಿ ಸುಮ್ಮನಾಗುವುದೇ ಈಗ ಹೆಚ್ಚು. ಕಾಫಿ ಕುಡಿದವರ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲ, ಹುಡುಗನಿಗೆ ಬೈಯುವುದೂ ಇಲ್ಲ. ದುಡ್ಡು ಕೊಟ್ಟವರ ದುಡ್ಡು ಮಾತ್ರ ನೀರಿಗೆ ಹೋಗುತ್ತದೆ. ಹಾಗಂತ ಮನುಷ್ಯರು ಹಾಕುವ ದಂಡ ನಿಂತಿಲ್ಲ. ಬಿದ್ದಿದ್ದರೆ ಸರ್ಚ್ ಕನ್ಸೋಲ್‌ನಲ್ಲಿ ಅದಕ್ಕೆಂದೇ ಇರುವ ಪುಟದಲ್ಲಿ ತಿಳಿಸುತ್ತಾರೆ.

ಸೀರೆ ಅಂಗಡಿಯವರಿಗೆ ಇಷ್ಟೆಲ್ಲ ಹೇಳಲಿಲ್ಲ, ಅವರಿಗೆ ಅಷ್ಟು ಪುರುಸೊತ್ತೂ ಇಲ್ಲ. ಅವರ ಸರ್ಚ್ ಕನ್ಸೋಲ್ ತೆಗೆದು ನೋಡಿದೆ. ದಂಡ ಯಾವುದೂ ಇಲ್ಲ. ಇಂಡೆಕ್ಸ್ ವರದಿಯಲ್ಲಿ ಮಾತ್ರ ಎಲ್ಲ ಪುಟದ ಮುಂದೆಯೂ 'ನೋಇಂಡೆಕ್ಸ್' ಅಂತ ಇತ್ತು. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಮುಗಿಯುವ ತನಕ ಗೂಗಲ್‌ಗೆ ಕಾಣದಿರಲಿ ಅಂತ ಒಂದು ಸಾಲು ಹಾಕಿದ್ದಾನೆ, ಮುಗಿದ ಮೇಲೆ ತೆಗೆಯೋದು ಮರೆತಿದ್ದಾನೆ. ಅಂಗಡಿ ಬಾಗಿಲಿಗೆ 'ಒಳಗೆ ಬರಬೇಡಿ' ಅಂತ ತಾವೇ ಬೋರ್ಡು ಹಾಕಿಕೊಂಡು ಗಿರಾಕಿ ಬರಲಿಲ್ಲ ಅಂದ ಹಾಗಾಯಿತು. ಆ ಸಾಲು ತೆಗೆಸಿದೆ, ಪುಟ ಮತ್ತೆ ನೋಡಿ ಅಂತ ಗೂಗಲ್‌ಗೆ ಕೋರಿಕೆ ಕಳಿಸಿದೆ. ಕೆಲವು ದಿನ ಬಿಟ್ಟು ಅಂಗಡಿ ಹೆಸರು ಹಾಕಿ ಹುಡುಕಿದರೆ ಸೈಟ್ ಬಂತು.

ಫೋನ್ ಮಾಡಿ ಹೇಳಿದೆ. ಯಜಮಾನರು ಖುಷಿಪಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಸರ್, ಬರೀ 'ಸೀರೆ' ಅಂತ ಹಾಕಿದ್ರೆ ಒಂದನೇ ನಂಬರ್‌ಗೆ ಯಾವಾಗ ಬರ್ತೀವಿ? ಆ ಲಿಂಕಿನವ್ರು ಮತ್ತೆ ಫೋನ್ ಮಾಡಿದ್ರು."